ಮನೆಯೊಳಗಣ ಸುತ್ತುನಾದ

ಔರಾದ ಹಾಗೂ ಭಾಲ್ಕಿ ಸೀಮೆಯ ಹಳ್ಳಿಗಳಲ್ಲಿ ಭಜನೆಗೆ ಸೇರಿದವರು ಸಭೆಯಲ್ಲಿಯಂತೆ ಒಂದೇ ದಿಕ್ಕಿಗೆ ಮುಖಮಾಡಿ ಸಾಲಾಗಿ ಕೂಡುವುದಿಲ್ಲ; ವರ್ತುಲವಾಗಿ ಇಲ್ಲವೆ ಎದುರುಬದುರಾಗಿ ಕೂಡುತ್ತಾರೆ. ಠಾಣಾ ಕುಶನೂರದಂತಹ ಗಡಿಭಾಗದ ಊರಿನಲ್ಲಿ ಶ್ರಾವಣದ ರಾತ್ರಿ ಗುಡಿಯ ಕಟ್ಟೆಯ ಮೇಲೆ ತತ್ತ್ವಪದ ನಡೆದಿದೆಯೆನ್ನಿ. ಏಕತಾರಿಯ ಶ್ರುತಿ ಒಂದು ಬದಿಯಿಂದ ಬರುತ್ತದೆ, ದಮ್ಮಡಿಯ ಪೆಟ್ಟು ಇನ್ನೊಂದು ಬದಿಯಿಂದ. ತಾಳದ ದನಿ ಬೆನ್ನ ಹಿಂದೆ ಮಿಡಿಯುತ್ತದೆ. ಮುಂದಾಳು ಎತ್ತಿದ ಪಲ್ಲವಿಯನ್ನು ಹಿಮ್ಮೇಳದವರು ಎತ್ತಿಕೊಂಡಾಗ ಪದವು ವರ್ತುಲದ ಸುತ್ತ ಒಂದು ಪ್ರದಕ್ಷಿಣೆ ಬಂದಂತಾಗುತ್ತದೆ. ಕನ್ನಡದ ತತ್ತ್ವಪದಕ್ಕೂ ಗಡಿಯಾಚೆಯಿಂದ ಬಂದ ಮರಾಠಿ ಅಭಂಗಕ್ಕೂ ಈ ಮಾತು ಸಮಾನವಾಗಿ ಸಲ್ಲುತ್ತದೆ. ಇಲ್ಲಿ ಕೇಳುಗನು ಸಂಗೀತದ ಎದುರಿಗಿರುವವನಲ್ಲ, ಸಂಗೀತದ ಒಳಗಿರುವವನು.

ಯಂತ್ರಗಳು ಬಂದಾಗ ಮೊದಲು ನಷ್ಟವಾದದ್ದು ಈ ಒಳಗಿರುವಿಕೆಯೇ. ಗ್ರಾಮೋಫೋನಿನ ತುತ್ತೂರಿಯಾಗಲಿ, ರೇಡಿಯೋ ಪೆಟ್ಟಿಗೆಯಾಗಲಿ ಹತ್ತು ಜನರ ಮೇಳವನ್ನು ಒಂದೇ ರಂಧ್ರದಿಂದ ಹೊರಡಿಸಿದವು. ಬೀದರ ಜಿಲ್ಲೆ ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು; ೧೯೬೬ರಲ್ಲಿ ಕಲಬುರ್ಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಈ ಭಾಗದ ಕನ್ನಡ ಕಂಠಗಳಿಗೆ ಸಮೀಪದ ಬಾನುಲಿಯೊಂದು ದೊರೆತಂತಾಯಿತು. ಅದರಿಂದಾದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಉಪಕಾರಕ್ಕೆ ತೆತ್ತ ಬೆಲೆಯೆಂದರೆ ದಿಕ್ಕು. ಯಾರು ಎಲ್ಲಿ ಕುಳಿತು ಹಾಡಿದರು ಎಂಬುದು ಮಧ್ಯಮ ತರಂಗದ ಏಕಮಾರ್ಗ ಪ್ರಸಾರದಲ್ಲಿ ಉಳಿಯಲು ಸಾಧ್ಯವೇ ಇರಲಿಲ್ಲ.

ಹೀಗೆ ಕಳೆದುಹೋದ ದಿಕ್ಕನ್ನು ಮರಳಿ ಮನೆಗೆ ತರುವುದಾಗಿ ಹೇಳುವ ವಿಧಾನವೊಂದು ಈಚಿನ ವರ್ಷಗಳಲ್ಲಿ ಅಂತರ್ಜಾಲದ ಮೂಲಕ ಮನೆಮನೆಗೆ ಹರಿದು ಬರುತ್ತಿದೆ. ಇದನ್ನು ಸರೌಂಡ್ ಸಂಗೀತವೆಂದೂ ಸ್ಪೇಷಿಯಲ್ ಆಡಿಯೋ ಎಂದೂ ಕರೆಯುತ್ತಾರೆ. ಸುತ್ತುನಾದವೆಂದರೆ ಕನ್ನಡದಲ್ಲಿ ಅರ್ಥ ಸ್ಪಷ್ಟವಾಗುತ್ತದೆ. ಇದು ಎಷ್ಟರ ಮಟ್ಟಿಗೆ ಮಾತು ಉಳಿಸಿಕೊಳ್ಳುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಕಿವಿಯ ವ್ಯವಹಾರವನ್ನು ತಿಳಿಯಬೇಕು.

ಮನುಷ್ಯನಿಗೆ ಕಿವಿಗಳು ಎರಡೇ. ಆದರೂ ಕಣ್ಣು ಮುಚ್ಚಿಕೊಂಡಿದ್ದಾಗ ಹಿಂದಿನಿಂದ ಬಂದ ಬಂಡಿಯ ಸದ್ದನ್ನು ಹಿಂದಿನದೆಂದೂ ಮೇಲೆ ಹಾರಿದ ಹಕ್ಕಿಯ ದನಿಯನ್ನು ಮೇಲಿನದೆಂದೂ ಅವನು ಬಲ್ಲ. ಇದರ ಒಂದಂಶವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ್‍ಯಾಲೇ ೧೯೦೭ರಲ್ಲಿ ವಿವರಿಸಿದರು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರು ಚಲಿಸುತ್ತದೆ. ಬಲಬದಿಯಿಂದ ಬಂದ ಶಬ್ದ ತಲೆಯನ್ನು ಬಳಸಿ ಎಡಗಿವಿಯನ್ನು ಮುಟ್ಟುವಷ್ಟರಲ್ಲಿ ಹೆಚ್ಚೆಂದರೆ ಸೆಕೆಂಡಿನ ಒಂದೂವರೆ ಸಾವಿರದಲ್ಲೊಂದು ಪಾಲು ತಡವಾಗುತ್ತದೆ. ಅಷ್ಟು ಸೂಕ್ಷ್ಮವಾದ ಅಂತರವನ್ನು ಮೆದುಳು ಅಳೆಯುತ್ತದೆ. ತಾರಸ್ಥಾಯಿಯ ಧ್ವನಿಗಳಾದರೆ ತಲೆಯ ಮರೆಯಿಂದ ಆಚೆಯ ಕಿವಿಗೆ ಕ್ಷೀಣವಾಗಿ ಮುಟ್ಟುತ್ತವೆ; ಅದೂ ಒಂದು ಸುಳಿವು. ಮೇಲು-ಕೆಳಗು, ಹಿಂದು-ಮುಂದುಗಳ ಅರಿವಿಗೆ ಹೊರಗಿವಿಯ ಸುರುಳಿಗಳು ಕಾರಣ. ಬೇರೆ ಬೇರೆ ದಿಕ್ಕಿನಿಂದ ಬಂದ ಧ್ವನಿಗೆ ಅವು ಬೇರೆ ಬೇರೆ ಬಣ್ಣ ಬಳಿದು ಒಳಗೆ ಬಿಡುತ್ತವೆ. ಆ ಸುರುಳಿಗಳು ಒಬ್ಬರಂತೆ ಇನ್ನೊಬ್ಬರಿಗಿಲ್ಲ. ಮುಂದೆ ಹೆಡ್‌ಫೋನಿನ ವಿಷಯ ಬಂದಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಎರಡು ಕಿವಿಗೆ ಎರಡು ಧ್ವನಿಮಾರ್ಗ ಕೊಟ್ಟರೆ ದಿಕ್ಕು ಮರಳಿ ಬರುವುದೆಂದು ಸಾಧಿಸಿದವರಲ್ಲಿ ಅಲನ್ ಬ್ಲಮ್‌ಲೀನ್ ಪ್ರಮುಖರು. ಲಂಡನ್ನಿನ ಇಎಂಐ ಸಂಸ್ಥೆಯ ಈ ಎಂಜಿನಿಯರು ೧೯೩೧ರಲ್ಲಿ ಸ್ಟೀರಿಯೋ ಪದ್ಧತಿಗೆ ಪೇಟೆಂಟು ಕೋರಿದರು. ಭಾರತದಲ್ಲಿ ನಾಯಿಯ ಚಿತ್ರದ ತಟ್ಟೆಗಳಿಂದ ಹೆಸರಾದ ಎಚ್‌ಎಂವಿ ಇದೇ ಸಂಸ್ಥೆಯ ಬಳಗಕ್ಕೆ ಸೇರಿದ್ದು. ಆದರೂ ಸ್ಟೀರಿಯೋ ತಟ್ಟೆಗಳು ಪೇಟೆಯಲ್ಲಿ ನೆಲೆಯೂರಲು ೧೯೫೮ ಬರಬೇಕಾಯಿತು. ಎಪ್ಪತ್ತರ ದಶಕದಲ್ಲಿ ನಾಲ್ಕು ಮೂಲೆಗೆ ನಾಲ್ಕು ಧ್ವನಿಪೆಟ್ಟಿಗೆಗಳನ್ನಿಡುವ ಪದ್ಧತಿ ಬಂದು, ತಯಾರಕರು ಒಬ್ಬರಿಗೊಬ್ಬರು ಹೊಂದದ ನಮೂನೆಗಳನ್ನು ಹೊರಡಿಸಿದ್ದರಿಂದ ಬಹುಬೇಗನೆ ಅಳಿಯಿತು. ಬಳಿಕ ಚಲನಚಿತ್ರ ಮಂದಿರಗಳೇ ಸುತ್ತುನಾದದ ತವರಾದವು. ಐದು ದಿಕ್ಕಿನ ಧ್ವನಿಯೂ ಒಂದು ಮಂದ್ರಧ್ವನಿಯೂ ಕೂಡಿದ ಏರ್ಪಾಡು ತೊಂಬತ್ತರ ದಶಕದಲ್ಲಿ ಮಂದಿರಗಳಿಂದ ಮನೆಗೂ ಬಂದಿತು.

೨೦೧೨ರಲ್ಲಿ ಡಾಲ್ಬಿ ಅಟ್ಮಾಸ್ ಎಂಬ ಪದ್ಧತಿ ಚಿತ್ರಮಂದಿರಗಳಿಗೆ ಬಂದುದರೊಂದಿಗೆ ತತ್ತ್ವವೇ ಬದಲಾಯಿತು. ಹಿಂದಿನ ಪದ್ಧತಿಗಳಲ್ಲಿ ಧ್ವನಿಯನ್ನು ಇಂತಿಷ್ಟೇ ಪೆಟ್ಟಿಗೆಗಳಿಗೆಂದು ಮೊದಲೇ ಹಂಚಿ ಕಳಿಸುತ್ತಿದ್ದರು. ಹೊಸ ಪದ್ಧತಿಯಲ್ಲಾದರೋ ಒಂದೊಂದು ಧ್ವನಿಯೂ ತನ್ನ ಸ್ಥಾನವನ್ನು ತಾನೇ ಹೊತ್ತು ಬರುತ್ತದೆ. ಲಕೋಟೆಯ ಮೇಲೆ ವಿಳಾಸವಿದ್ದಂತೆ, ತಬಲಾದ ಧ್ವನಿಯೊಡನೆ ‘ಎಡಕ್ಕೆ, ತುಸು ಹಿಂದೆ, ಕಿವಿಯ ಮಟ್ಟದಲ್ಲಿ’ ಎಂಬ ಸೂಚನೆಯೂ ಇರುತ್ತದೆ. ಊರಿನ ಓಣಿಗಳನ್ನು ಬಲ್ಲ ಅಂಚೆಯವನು ಲಕೋಟೆಗಳನ್ನು ಹಂಚುವಂತೆ, ಮನೆಯಲ್ಲಿರುವ ಯಂತ್ರವು ಇರುವ ಪೆಟ್ಟಿಗೆಗಳನ್ನು ಲೆಕ್ಕ ಹಾಕಿ ಆಯಾ ಧ್ವನಿಯನ್ನು ಆಯಾ ಜಾಗಕ್ಕೆ ಮುಟ್ಟಿಸುತ್ತದೆ. ಪೆಟ್ಟಿಗೆಗಳು ಹನ್ನೆರಡಿದ್ದರೂ ಸರಿ, ಎರಡಿದ್ದರೂ ಸರಿ, ಕಡತ ಒಂದೇ. ಚಿತ್ರಮಂದಿರದಲ್ಲಿ ಇಂತಹ ೧೨೮ ಧ್ವನಿಪಥಗಳನ್ನು ೬೪ ಧ್ವನಿವರ್ಧಕಗಳವರೆಗೆ ಹಂಚಬಹುದು. ೨೦೧೪ರಲ್ಲಿ ಇದರ ಗೃಹೋಪಯೋಗಿ ರೂಪ ಬಂದಿತು. ೨೦೧೯ರಲ್ಲಿ ಸಂಗೀತದ ಸ್ಟ್ರೀಮಿಂಗ್ ಸೇವೆಗಳು ಇದನ್ನು ಒಳಗೊಳ್ಳತೊಡಗಿದವು. ಅದೇ ವರ್ಷ ಸೋನಿ ಸಂಸ್ಥೆ ತನ್ನದೇ ಪದ್ಧತಿಯನ್ನು ಹೊರತಂದಿತು. ೨೦೨೧ರ ಜೂನ್‌ನಲ್ಲಿ ಆಪಲ್ ಮ್ಯೂಸಿಕ್ ಸುತ್ತುನಾದವನ್ನು ಆರಂಭಿಸಿದಾಗ ಭಾರತದ ಕೇಳುಗರಿಗೂ ಅದು ಕೈಗೆಟುಕಿತು.

ಕನ್ನಡ ನಾಡಿಗೆ ಈ ವಿದ್ಯೆಯಲ್ಲಿ ಒಂದು ಪಾಲಿದೆ ಎಂಬುದು ಸಂತೋಷದ ಸಂಗತಿ. ಅಮೆರಿಕದ ಗ್ರ್ಯಾಮಿ ಪುರಸ್ಕಾರಗಳಲ್ಲಿ ಸುತ್ತುನಾದದ ಧ್ವನಿಮುದ್ರಿಕೆಗೆ ೨೦೦೫ರಿಂದ ಪ್ರತ್ಯೇಕ ವಿಭಾಗವಿದೆ. ೨೦೨೩ರ ಫೆಬ್ರವರಿಯಲ್ಲಿ ಆ ವಿಭಾಗದ ಪುರಸ್ಕಾರ ಪಡೆದ ‘ಡಿವೈನ್ ಟೈಡ್ಸ್’ ಎಂಬ ಸಂಕಲನವು ಬೆಂಗಳೂರಿನ ಸಂಗೀತಗಾರ ರಿಕ್ಕಿ ಕೇಜ್ ಅವರು ‘ದಿ ಪೊಲೀಸ್’ ವಾದ್ಯವೃಂದದ ತಾಳವಾದ್ಯಗಾರ ಸ್ಟೀವರ್ಟ್ ಕೋಪ್‌ಲ್ಯಾಂಡ್ ಅವರೊಡನೆ ರಚಿಸಿದ್ದು. ಇದೇ ಕೃತಿಗೆ ಹಿಂದಿನ ವರ್ಷ ಬೇರೊಂದು ವಿಭಾಗದಲ್ಲಿ ಗ್ರ್ಯಾಮಿ ಬಂದಿದ್ದಿತು. ಎರಡನೆಯ ಸಲ ಮನ್ನಣೆ ದೊರೆತದ್ದು ಅದರ ಸುತ್ತುನಾದದ ಆವೃತ್ತಿಗೆ. ಆದ್ದರಿಂದಲೇ ಸಂಗೀತ ರಚಿಸಿದವರೊಂದಿಗೆ ಧ್ವನಿ ಹೊಂದಿಸಿದ ಎರಿಕ್ ಶಿಲಿಂಗ್, ನಿರ್ಮಾಪಕ ಹರ್ಬರ್ಟ್ ವಾಲ್ಟ್‌ಲ್ ಅವರೂ ಪುರಸ್ಕೃತರಾದರು. ಯಾವ ವಾದ್ಯವನ್ನು ಎಲ್ಲಿ ಕೂಡಿಸಬೇಕೆಂಬ ನಿರ್ಣಯವೂ ಒಂದು ಕಲಾಕರ್ಮವೆಂದು ಒಪ್ಪಿದಂತಾಯಿತು.

ಆದರೆ ಆ ನಿರ್ಣಯ ಎಲ್ಲ ಕಡೆಯೂ ವಿವೇಕದಿಂದ ನಡೆದಿದೆಯೆನ್ನಲಾಗದು. ಸ್ಟ್ರೀಮಿಂಗ್‌ನಲ್ಲಿ ದೊರೆಯುವ ಎಷ್ಟೋ ಕೃತಿಗಳಲ್ಲಿ ತಂತ್ರಜ್ಞನ ಉತ್ಸಾಹವೇ ಮುಂದಾಗಿ, ಕಾರಣವಿಲ್ಲದೆ ವಾದ್ಯಗಳು ತಲೆಯ ಸುತ್ತ ಗಿರಕಿ ಹೊಡೆಯುತ್ತವೆ. ಎಂಟು ದಿಕ್ಕಿನಿಂದಲೂ ಒಮ್ಮೆಗೇ ತಾಳ ಬಿದ್ದರೆ ಅದು ಸಂಗೀತವಾಗುವುದಿಲ್ಲ, ಜಾತ್ರೆಯಾಗುತ್ತದೆ. ಹಿಂದೂಸ್ತಾನಿ ಗಾಯನದ ಬೈಠಕ್ಕನ್ನು ತೆಗೆದುಕೊಂಡರೆ ಗಾಯಕನು ಎದುರಿಗೆ, ಅವನ ಹಿಂದೆ ಎರಡು ತಂಬೂರಿ, ಆಚೀಚೆ ತಬಲಾ ಮತ್ತು ಹಾರ್ಮೋನಿಯಂ. ಕೇಳುಗನ ಬೆನ್ನ ಹಿಂದೆ ಇರುವುದು ಮಂದಿರದ ಅನುರಣನವೂ ರಸಿಕರ ‘ವಾಹ್ವಾ’ವೂ ಮಾತ್ರ. ಹಿಂದಿನ ಪೆಟ್ಟಿಗೆಗಳಿಗೆ ಅಷ್ಟೇ ಕೆಲಸ ಕೊಡುವುದು ನ್ಯಾಯ. ಭಜನೆಯ ಮಾತು ಬೇರೆ. ಅಲ್ಲಿ ವರ್ತುಲವೇ ಸಹಜಸ್ಥಿತಿಯಾದುದರಿಂದ ಹಿಂದಿನಿಂದ ತಾಳ ಕೇಳಿದರೆ ಅದು ಚಮತ್ಕಾರವಲ್ಲ, ಸತ್ಯ.

ಇನ್ನು ಮನೆಯ ವಿಚಾರ. ಅತಿ ಕಡಿಮೆ ವೆಚ್ಚದ ದಾರಿಯೆಂದರೆ ಹೆಡ್‌ಫೋನು. ಧ್ವನಿ ಯಾವ ದಿಕ್ಕಿನಿಂದ ಬಂದರೆ ಎರಡು ಕಿವಿಗಳಿಗೆ ಎಷ್ಟು ಅಂತರದಲ್ಲಿ, ಯಾವ ಬಣ್ಣದಲ್ಲಿ ಮುಟ್ಟುತ್ತದೆಯೋ ಅದನ್ನು ಗಣಿಸಿ ಆ ರೂಪದಲ್ಲಿಯೇ ಎರಡು ಕಿವಿಗೂ ಉಣಿಸುತ್ತಾರೆ. ಗಣಿತವೆಲ್ಲ ಸರಾಸರಿ ಕಿವಿಯೊಂದರ ಮೇಲೆ ನಿಂತಿದೆ. ಕೇಳುಗನ ಕಿವಿ ಅದಕ್ಕಿಂತ ಭಿನ್ನವಾಗಿದ್ದರೆ ಮುಂದಿರಬೇಕಾದ ಕಂಠ ನೆತ್ತಿಯ ಮೇಲೋ ತಲೆಯ ಒಳಗೋ ಕೇಳಿಸುತ್ತದೆ. ತಮ್ಮನಿಗೆ ಸೊಗಸಾದದ್ದು ಅಣ್ಣನಿಗೆ ಸಪ್ಪೆಯಾಗುವುದಕ್ಕೆ ಇದೇ ಕಾರಣ, ರುಚಿಭೇದವಲ್ಲ. ವಿದ್ಯಾರ್ಥಿಗಳು ಹೆಡ್‌ಫೋನ್ ಬಳಸುವಲ್ಲಿ ಇನ್ನೊಂದು ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಸೂಚಿಸಿದ ಮಿತಿ ವಯಸ್ಕರಿಗೆ ೮೦ ಡೆಸಿಬೆಲ್‌ನಲ್ಲಿ ವಾರಕ್ಕೆ ೪೦ ಗಂಟೆ, ಮಕ್ಕಳಿಗೆ ೭೫ ಡೆಸಿಬೆಲ್‌ನಲ್ಲಿ ಅಷ್ಟೇ ಅವಧಿ. ಧ್ವನಿ ಮೂರು ಡೆಸಿಬೆಲ್ ಏರಿದಂತೆಲ್ಲ ಕ್ಷೇಮಾವಧಿ ಅರ್ಧಕ್ಕೆ ಇಳಿಯುತ್ತದೆ.

ಹೆಡ್‌ಫೋನಿನ ನಿಜವಾದ ಕೊರತೆ ಬೇರೆಯೇ. ವರ್ತುಲದ ಸಂಗೀತವನ್ನು ಅದು ಒಬ್ಬಂಟಿಯ ಸಂಗೀತವಾಗಿಸುತ್ತದೆ. ಮನೆಮಂದಿಯೆಲ್ಲ ಕೂಡಿ ಕೇಳಬೇಕಾದರೆ ಧ್ವನಿಪೆಟ್ಟಿಗೆಗಳು ಬೇಕು. ಐದು ಪೆಟ್ಟಿಗೆಗಳ ಏರ್ಪಾಡಿನಲ್ಲಿ ಒಂದು ನೇರ ಎದುರಿಗೆ, ಎರಡು ಅದರ ಎಡಬಲಕ್ಕೆ ೩೦ ಡಿಗ್ರಿಯಲ್ಲಿ, ಉಳಿದೆರಡು ಪಕ್ಕದಿಂದ ತುಸು ಹಿಂದೆ, ಎಂದರೆ ೧೦೦ರಿಂದ ೧೨೦ ಡಿಗ್ರಿಯಲ್ಲಿ ಇರಬೇಕು. ಮಂದ್ರಧ್ವನಿಯ ಪೆಟ್ಟಿಗೆಯನ್ನು ಎಲ್ಲಿಟ್ಟರೂ ನಡೆದೀತು. ಅತಿ ಮಂದ್ರದ ದಿಕ್ಕನ್ನು ಕಿವಿ ಅಷ್ಟಾಗಿ ಗುರುತಿಸಲಾರದು. ಪೂರ್ಣ ಏರ್ಪಾಡಿನಲ್ಲಿ ಕಿವಿಯ ಮಟ್ಟದಲ್ಲಿ ಏಳು, ಮೇಲೆ ನಾಲ್ಕು. ಮೇಲಿನವಕ್ಕೆ ಬದಲಾಗಿ ಧ್ವನಿಯನ್ನು ಛಾವಣಿಗೆ ಎಸೆದು ಕೆಳಕ್ಕೆ ಮರಳಿಸುವ ಸೌಂಡ್‌ಬಾರ್‌ಗಳನ್ನು ಅಂಗಡಿಗಳಲ್ಲಿ ಬಹಳ ಹೊಗಳುತ್ತಾರೆ. ಅವು ಫಲಿಸುವುದು ಛಾವಣಿ ಸಮತಟ್ಟಾಗಿ, ಗಟ್ಟಿಯಾಗಿ, ಅತಿ ಎತ್ತರವಲ್ಲದೆ ಇದ್ದಾಗ ಮಾತ್ರ. ಜಂತಿ-ತೊಲೆಗಳ ಮಣ್ಣಿನ ಮಾಳಿಗೆಯಲ್ಲಾಗಲಿ, ಇಳಿಜಾರಿನ ತಗಡಿನ ಕೆಳಗಾಗಲಿ ಆ ಹಣ ವ್ಯರ್ಥ.

ಪೆಟ್ಟಿಗೆಗಳಿಗಿಂತ ಹೆಚ್ಚಿನ ಕೆಲಸ ಕೋಣೆಯದು. ಅನುರಣನ ಮಿತಿಮೀರಿದರೆ ಏನಾಗುವುದೆಂಬುದನ್ನು ೧೬೫೬ರಲ್ಲಿ ಪೂರ್ಣಗೊಂಡ ವಿಜಯಪುರದ ಗೋಲಗುಮ್ಮಟದಲ್ಲಿ ಕಂಡವರು ಮರೆಯಲಾರರು. ಪಿಸುಮಾತು ಆಚೆಯ ಗೋಡೆಗೆ ಸ್ಪಷ್ಟವಾಗಿ ಕೇಳುವ ಆ ಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ಮರುಳಿಸುತ್ತದೆ. ನೋಡಲು ಬಂದವರಿಗೆ ಅದು ವಿಸ್ಮಯ, ಗಾಯಕನಿಗೆ ಶಿಕ್ಷೆ. ಮನೆಯ ಕೋಣೆಯೂ ಚಿಕ್ಕ ಪ್ರಮಾಣದಲ್ಲಿ ಇದನ್ನೇ ಮಾಡುತ್ತದೆ. ಹಾರ್ವರ್ಡಿನ ಪ್ರಾಧ್ಯಾಪಕ ವಾಲೇಸ್ ಸೇಬಿನ್ ಅವರು ೧೮೯೫ರಿಂದ ಹಲವು ವರ್ಷ ರಾತ್ರಿಹೊತ್ತು ಸಭಾಂಗಣದಲ್ಲಿ ಕುರ್ಚಿಯ ದಿಂಬುಗಳನ್ನು ಹರಡಿ, ತೆಗೆದು, ಪ್ರಯೋಗ ಮಾಡಿ ಒಂದು ಸರಳ ಸೂತ್ರವನ್ನು ಕಂಡುಕೊಂಡರು. ಕೋಣೆಯ ಘನಗಾತ್ರವನ್ನು ೦.೧೬೧ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಧ್ವನಿ ಅಡಗಲು ಹಿಡಿಯುವ ಸೆಕೆಂಡುಗಳು ದೊರೆಯುತ್ತವೆ.

ಬೀದರ ಜಿಲ್ಲೆಯಲ್ಲಿ ಈಗ ಕಟ್ಟುವ ಸಾಮಾನ್ಯ ಮನೆಯ ಪಡಸಾಲೆಯನ್ನು ಈ ಸೂತ್ರಕ್ಕೆ ಒಡ್ಡಿ ನೋಡಬಹುದು. ಉದ್ದ ೫ ಮೀಟರು, ಅಗಲ ೪, ಎತ್ತರ ೩, ಘನಗಾತ್ರ ೬೦. ಕೆಳಗೆ ಶಹಾಬಾದ ಕಲ್ಲು, ಮೇಲೆ ಆರ್‌ಸಿಸಿ, ಸುತ್ತ ಸಿಮೆಂಟಿನ ಗಿಲಾವು. ಒಳಮೈಯೆಲ್ಲ ಕೂಡಿ ೯೪ ಚದರ ಮೀಟರು. ಇಂತಹ ಗಟ್ಟಿ ಮೈ ತನ್ನ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ಮೂರು ಪಾಲು ಹೀರುತ್ತದೆಂದು ಹಿಡಿದರೆ ಒಟ್ಟು ಹೀರಿಕೆ ೨.೮, ಬರಿಯ ಕೋಣೆಯಲ್ಲಿ ಧ್ವನಿ ಸುಮಾರು ೩.೪ ಸೆಕೆಂಡು ಸುಳಿದಾಡುತ್ತದೆ. ಒಂದು ಪೆಟ್ಟು ಅಡಗುವ ಮೊದಲೇ ಮುಂದಿನ ನಾಲ್ಕು ಪೆಟ್ಟು ಬಂದು ಬೀಳುವಲ್ಲಿ ದಿಕ್ಕಿನ ಮಾತೆಲ್ಲಿಂದ ಬಂದೀತು? ಈಗ ಮಡಿಚಿದ ದಪ್ಪ ಕೌದಿಗಳನ್ನು ಗೋಡೆಯಿಂದ ತುಸು ಬಿಟ್ಟು ೧೦ ಚದರ ಮೀಟರಿನಷ್ಟು ತೂಗಹಾಕಲಿ. ಅವು ಬಿದ್ದ ಧ್ವನಿಯ ಅರ್ಧವನ್ನು ಹೀರಿದರೂ ಕಾಲ ೧.೨ ಸೆಕೆಂಡಿಗೆ ಇಳಿಯುತ್ತದೆ. ನೆಲಕ್ಕೆ ಜಮಖಾನೆ ಹಾಸಿ, ಹಾಸಿಗೆಯ ಸುರುಳಿಯನ್ನು ಮೂಲೆಗೆ ಇಟ್ಟು, ಐದಾರು ಜನ ಕುಳಿತರೆ ಇನ್ನೂ ಕಡಿಮೆ. ಅರ್ಧ ಸೆಕೆಂಡಿನ ಆಸುಪಾಸಿಗೆ ಬಂದ ಕೋಣೆ ಕೇಳಲು ಯೋಗ್ಯವಾದದ್ದು. ಅಜ್ಜಿಯರು ಹಳೆಯ ಸೀರೆ-ಧೋತರಗಳಿಂದ ಹೊಲಿದ ಕೌದಿ ಧ್ವನಿವಿಜ್ಞಾನದ ಉಪಕರಣವೂ ಹೌದೆಂದು ಸೇಬಿನ್ನರ ದಿಂಬುಗಳನ್ನು ನೆನೆದವರು ಒಪ್ಪಿಯಾರು. ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಿ, ಉಬ್ಬುತಗ್ಗಿನ ಮೈಯಿಂದಾಗಿ, ಈ ತೊಂದರೆ ಸ್ವಲ್ಪ ಕಡಿಮೆ.

ಅಂತರ್ಜಾಲದ ಹೊರೆಯನ್ನೂ ಲೆಕ್ಕ ಹಾಕಬೇಕು. ಸ್ಟ್ರೀಮಿಂಗ್‌ನ ಸುತ್ತುನಾದ ಸೆಕೆಂಡಿಗೆ ೭೬೮ ಕಿಲೋಬಿಟ್‌ನಂತೆ ಹರಿದರೆ ಗಂಟೆಗೆ ಸುಮಾರು ೩೪೫ ಮೆಗಾಬೈಟ್ ಆಗುತ್ತದೆ. ಸೆಕೆಂಡಿಗೆ ೨೫೬ ಕಿಲೋಬಿಟ್‌ನ ಸಾಧಾರಣ ಸ್ಟೀರಿಯೋಗೆ ಇದರ ಮೂರನೆಯ ಒಂದು ಪಾಲು ಸಾಕು. ದೊಡ್ಡ ಹೊರೆಯಲ್ಲ. ಆದರೆ ಸಂಕೇತ ದುರ್ಬಲವಾದ ಕಡೆ ಸೇವೆಗಳು ಸದ್ದಿಲ್ಲದೆ ಸಾಮಾನ್ಯ ಸ್ಟೀರಿಯೋಗೆ ಇಳಿಯುವುದುಂಟು. ಆದುದರಿಂದ ಕೃತಿಗಳನ್ನು ಮುಂಚಿತವಾಗಿ ಇಳಿಸಿಟ್ಟುಕೊಂಡು ಕೇಳುವುದು ಲೇಸು.

ಇಷ್ಟೆಲ್ಲ ಸಿದ್ಧತೆಯಾದ ಮೇಲೆ ಕೇಳುವುದೇನನ್ನು? ಇಲ್ಲಿಯೇ ಈ ಭಾಗದ ಜನಕ್ಕೆ ನಿಜವಾದ ತೊಡಕು ಎದುರಾಗುತ್ತದೆ. ಮಲ್ಲಿಕಾರ್ಜುನ ಮನಸೂರರ ಹಳೆಯ ತಟ್ಟೆಗಳೂ ರಾಯಚೂರಿನ ಸಿದ್ಧರಾಮ ಜಂಬಲದಿನ್ನಿಯವರ ಕಾಲದ ಬಾನುಲಿಯ ವಚನಗಾಯನವೂ ಏಕಮಾರ್ಗದ ಸಂಪತ್ತು. ಮಿಶ್ರವಾದ ಧ್ವನಿಯಿಂದ ಕಂಠವನ್ನೂ ವಾದ್ಯವನ್ನೂ ಬೇರ್ಪಡಿಸುವ ಗಣಕವಿದ್ಯೆ ಈಗ ಬಂದಿದೆ ಎಂಬುದು ನಿಜ. ೨೦೨೩ರಲ್ಲಿ ಬೀಟಲ್ಸ್ ವೃಂದದವರು ಜಾನ್ ಲೆನನ್ನರ ಹಳೆಯ ಕ್ಯಾಸೆಟ್ಟಿನಿಂದ ಕಂಠವನ್ನು ಬಿಡಿಸಿ ಹಾಡೊಂದನ್ನು ಹೊರತಂದದ್ದು ಜಗತ್ತಿಗೆ ತಿಳಿದ ಉದಾಹರಣೆ. ಆದರೆ ಬಿಡಿಸಿದ ಧ್ವನಿಯನ್ನು ಎಲ್ಲಿ ಇಡಬೇಕೆಂಬುದನ್ನು ಯಂತ್ರ ಹೇಳಲಾರದು; ಆ ಸಂಗತಿ ತಟ್ಟೆಯಲ್ಲಿ ಎಂದೂ ಇರಲಿಲ್ಲ. ತಂಬೂರಿಯನ್ನು ಕೇಳುಗನ ಬೆನ್ನಿಗೆ ಕೂಡಿಸಿದರೆ ಅದು ಕೂಡಿಸಿದವನ ಊಹೆ. ಮನಸೂರರನ್ನು ಕೇಳಬೇಕೆಂಬವರಿಗೆ ಒಂದೇ ಒಳ್ಳೆಯ ಪೆಟ್ಟಿಗೆ, ಶಾಂತವಾದ ಕೋಣೆ ಸಾಕು. ಹನ್ನೆರಡು ಪೆಟ್ಟಿಗೆಗಳು ಅವರ ಸ್ವರಕ್ಕೆ ಏನನ್ನೂ ಕೂಡಿಸಲಾರವು.

ಮುಂದೆ ಕೇಳಬೇಕಾದ್ದನ್ನು ಇಂದೇ ಸರಿಯಾಗಿ ಮುದ್ರಿಸಿಕೊಳ್ಳುವ ಅವಕಾಶ ಮಾತ್ರ ಇನ್ನೂ ಉಳಿದಿದೆ. ತತ್ತ್ವಪದಗಳನ್ನು ಕಂಠಸ್ಥ ಮಾಡಿಕೊಂಡ ಹಿರಿಯರು ಹಳ್ಳಿಹಳ್ಳಿಗಳಲ್ಲಿ ವಿರಳವಾಗುತ್ತಿದ್ದಾರೆ. ಅವರ ಭಜನೆಯನ್ನು ಮೊಬೈಲಿನಲ್ಲಿ ಹಿಡಿದ ತುಣುಕುಗಳು ಹೇರಳವಾಗಿವೆಯಾದರೂ ಅವುಗಳಲ್ಲಿ ವರ್ತುಲದ ಗುರುತಿಲ್ಲ. ಕೆಲಸ ಅಷ್ಟೇನೂ ದುಬಾರಿಯಲ್ಲ. ಫ್ರಾನ್ಸಿನ ಬಾನುಲಿಯವರು ರೂಢಿಗೆ ತಂದ ಕ್ರಮದಂತೆ ಒಂದೇ ಜಾತಿಯ ಎರಡು ಮೈಕುಗಳನ್ನು ೧೭ ಸೆಂಟಿಮೀಟರು ಅಂತರದಲ್ಲಿ, ಒಂದಕ್ಕೊಂದು ೧೧೦ ಡಿಗ್ರಿ ಕೋನದಲ್ಲಿ ಹೊರಮುಖವಾಗಿ ನಿಲ್ಲಿಸಿದರೆ ಎದುರಿನ ಅರ್ಧವರ್ತುಲ ಚೆನ್ನಾಗಿ ಸಿಕ್ಕುತ್ತದೆ. ಪೂರ್ಣ ವರ್ತುಲವೇ ಬೇಕೆಂದರೆ ನಾಲ್ಕು ಗ್ರಾಹಕಗಳು ಒಂದೇ ತಲೆಯಲ್ಲಿ ನಾಲ್ಕು ಮುಖವಾಗಿ ಕೂಡಿದ ಮೈಕುಂಟು. ಇಂಗ್ಲೆಂಡಿನ ಮೈಕೆಲ್ ಗೆರ್ಜನ್ ಮೊದಲಾದವರು ಎಪ್ಪತ್ತರ ದಶಕದಲ್ಲಿ ಇದರ ಗಣಿತವನ್ನು ರೂಪಿಸಿದರು. ಅದನ್ನು ವರ್ತುಲದ ನಡುವೆ, ಕುಳಿತವರ ಕಿವಿಯ ಎತ್ತರಕ್ಕೆ ನಿಲ್ಲಿಸಬೇಕು. ಉನ್ನತ ಗುಣಮಟ್ಟದಲ್ಲಿ ನಾಲ್ಕು ಮಾರ್ಗಗಳ ಮುದ್ರಣ ಗಂಟೆಗೆ ಸುಮಾರು ೨ ಗಿಗಾಬೈಟ್ ಆಗುತ್ತದೆ. ಶ್ರಾವಣಮಾಸದ ಭಜನೆಯೆಲ್ಲ ಅಂಗೈಯಗಲದ ಒಂದು ಡಿಸ್ಕಿನಲ್ಲಿ ಹಿಡಿಸೀತು. ಹೀಗೆ ಹಿಡಿದುದನ್ನು ಮುಂದೆ ಹೆಡ್‌ಫೋನಿಗೂ ಐದು ಪೆಟ್ಟಿಗೆಗೂ ಹನ್ನೆರಡಕ್ಕೂ ಹೊಂದಿಸಿಕೊಳ್ಳಬಹುದು.

ಮುದ್ರಣದ ಆರಂಭದಲ್ಲಿ ಊರು, ತಿಥಿ, ಹಾಡುವವರ ಹೆಸರು, ಯಾರು ಯಾರ ಪಕ್ಕದಲ್ಲಿ ಕುಳಿತಿದ್ದಾರೆಂಬುದನ್ನು ಬಾಯಲ್ಲಿಯೇ ಹೇಳಿಸಿ ಸೇರಿಸಬೇಕು. ಫ್ಯಾನು, ಜನರೇಟರುಗಳು ನಿಲ್ಲಬೇಕು. ಗುಡಿಯ ಧ್ವನಿವರ್ಧಕವೂ ಆ ಹೊತ್ತು ಆರಿರಬೇಕು. ಅದು ಹಾಡುತ್ತಿದ್ದರೆ ವರ್ತುಲದಲ್ಲಿ ಕುಳಿತ ಹತ್ತು ಜನರ ದನಿ ಕಂಬದ ಮೇಲಿನ ಆ ಒಂದೇ ತುತ್ತೂರಿಯಿಂದ ಮೈಕಿಗೆ ಬಂದು ಸೇರುತ್ತದೆ.